ಬುವಾಖಾಮಳ ಮಡಕೆಯನ್ನು ಓಡಿಸಿದವರು

ನೀಲಿ ಬಣ್ಣ ಅದ್ದುವ ಮಡಕೆ ಸತ್ತಿತು ಎಂದು ನಮ್ಮಲ್ಲಿ ಯಾರೂ ಹೇಳುವುದಿಲ್ಲ. ಓಡಿಹೋಯಿತು ಎನ್ನುತ್ತೇವೆ. ಮಡಕೆ ಅಲ್ಲೇ ಕೂತಿರುತ್ತದೆ, ನೀರೂ ತುಂಬಿರುತ್ತದೆ, ಆದರೆ ಒಳಗಿದ್ದವಳು ಎದ್ದು ಹೋಗಿರುತ್ತಾಳೆ. ನೂಲು ಅದ್ದಿದರೆ ಬಣ್ಣ ಹಿಡಿಯುವುದಿಲ್ಲ. ಹಿಡಿದಂತೆ ಕಂಡರೂ ಮೊದಲ ಒಗೆತಕ್ಕೇ ಬಿಟ್ಟುಕೊಳ್ಳುತ್ತದೆ. ಆಗ ಮನೆಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಮುಟ್ಟಾದವರು ಯಾರಾದರೂ ಹತ್ತಿರ ಹೋದರೇ? ಸಾವಿನ ಮನೆಯಿಂದ ನೇರ ಬಂದವರು ಯಾರು? ಮಡಕೆಯ ಮುಂದೆ ನಿಂತು ಜಗಳವಾಡಿದವರು ಯಾರು? ಮಡಕೆ ತಾನಾಗಿ ಓಡುವುದಿಲ್ಲ, ಯಾರೋ ಓಡಿಸಿರುತ್ತಾರೆ ಎಂಬುದರಲ್ಲಿ ನಮ್ಮವರಿಗೆ ಅನುಮಾನವಿಲ್ಲ.

ಆ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಬುವಾಖಾಮಳ ಮಡಕೆ ಮತ್ತೆ ಓಡಿಹೋಯಿತು. ಹಿಂದಿನ ಬೇಸಿಗೆಯಿಂದ ಅದು ಮೂರನೆಯ ಸಲ.

ಅವಳದು ನಮ್ಮ ಬೇಲಿಗೆ ಹೊಂದಿಕೊಂಡ ಮನೆ. ಫ್ರೇ ಪಟ್ಟಣದ ಆಚೆ, ಯೋಮ್ ಹೊಳೆಯ ಈ ಬದಿಗೆ, ನೀಲಿ ಅದ್ದುವ ಮನೆಗಳು ಮೊದಲು ಬೀದಿಯುದ್ದಕ್ಕೂ ಇದ್ದವು. ಈಗ ಬಹಳ ಜನ ಅಂಗಡಿಯ ಪುಡಿ ಬಣ್ಣಕ್ಕೆ ಹೋಗಿದ್ದಾರೆ. ಪುಡಿಗೆ ಮೈಲಿಗೆ ಇಲ್ಲ, ಮುನಿಸೂ ಇಲ್ಲ. ಬುವಾಖಾಮ್ ಮಾತ್ರ ತನ್ನ ತಾಯಿಯಿಂದ ಬಂದ ಮಡಕೆಯನ್ನೇ ಸಾಕಿಕೊಂಡಿದ್ದಳು. ಸಾಕುವುದು ಎಂದೇ ಹೇಳಬೇಕು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮುಚ್ಚಳ ತೆಗೆದು, ಕರಟದ ಸೌಟಿನಲ್ಲಿ ನೀರನ್ನು ಎತ್ತಿ ಎತ್ತಿ ಸುರಿಯಬೇಕು. ಬೂದಿನೀರು ಕೊಡಬೇಕು, ಹುಣಸೆಹುಳಿ ಕೊಡಬೇಕು, ಬೇಸರಗೊಂಡ ದಿನ ಒಂದು ಗುಟುಕು ಅಕ್ಕಿಯ ಸಾರಾಯಿ. ನೀರು ಹಳದಿ ಹಸಿರಾಗಿ, ಮೇಲೆ ತಾಮ್ರದ ಬಣ್ಣದ ನೊರೆ ಕಟ್ಟಿದರೆ ಒಳಗಿರುವವಳು ಸುಖವಾಗಿದ್ದಾಳೆ ಎಂದರ್ಥ. ನಾನು ನೂಲುವವಳು, ಅದ್ದುವ ಕೆಲಸ ನನಗೆ ಬಾರದು. ನನ್ನ ನೂಲು ಅವಳ ಮಡಕೆಗೆ ಹೋಗಿ ನೀಲಿಯಾಗಿ ಬರುತ್ತಿತ್ತು. ಅವಳ ಕೈಗಳು ಮಣಿಕಟ್ಟಿನವರೆಗೆ ಸದಾ ನೀಲಿ. ವಿಹಾರದಲ್ಲಿ ಕೈಮುಗಿದು ಕೂತಾಗ ಎಷ್ಟು ಜನರ ನಡುವೆಯೂ ಅವಳ ಕೈ ಬೇರೆಯಾಗಿ ಕಾಣುತ್ತಿತ್ತು.

ಅವಳ ಗಂಡ ಇನ್‌ಪನ್ ದಕ್ಷಿಣಕ್ಕೆ ಲಾರಿ ಓಡಿಸುತ್ತಿದ್ದ. ನಮ್ಮ ಕಡೆ ಹಳ್ಳಿ ಹಳ್ಳಿಯಲ್ಲೂ ಗಂಡಸರು ಒಣಗಿ ಸಾಯುತ್ತಿದ್ದ ಆ ಕೆಟ್ಟ ವರ್ಷಗಳಲ್ಲಿ ಅವನೂ ಸತ್ತ. ರೋಗವನ್ನು ಹೆಂಡತಿಗೆ ಬಿಟ್ಟುಹೋದ. ಜನ ಅವಳ ಮನೆಯ ನೀರು ಮುಟ್ಟುವುದನ್ನು ನಿಲ್ಲಿಸಿದರು. ವಿಹಾರದಲ್ಲಿ ಅವಳು ಕೂತರೆ ಸುತ್ತ ಚಾಪೆ ಖಾಲಿಯಾಗುತ್ತಿತ್ತು. ಒಂದು ಭಿಕ್ಷುದೀಕ್ಷೆಯ ಊಟದಲ್ಲಿ ಅವಳ ತಂಗಿ ಲಮೂನ್ ಎದ್ದು ಬಂದು, ಅಕ್ಕನ ಕೈಯಲ್ಲಿದ್ದ, ಅರ್ಧ ಕಚ್ಚಿದ ಅಂಟಕ್ಕಿ ಅನ್ನದ ಉಂಡೆಯನ್ನು ಕಿತ್ತುಕೊಂಡು ಎಲ್ಲರೆದುರು ತಿಂದಳು. "ಏನ್ ನೋಡ್ತೀರಾ? ನಿಮ್ಮನೆ ಅನ್ನಕ್ಕಿಂತ ರುಚಿಯಾಗಿದೆ" ಎಂದಳು. ಆಮೇಲೆ ಸರ್ಕಾರದ ಮಾತ್ರೆ ಬಂತು. ಬುವಾಖಾಮ್ ಮೈತುಂಬಿಕೊಂಡು ಮತ್ತೆ ಮಡಕೆಯ ಮುಂದೆ ಕೂತಳು. ಊರು ಎಲ್ಲವನ್ನೂ ಮರೆತಂತೆ ಇತ್ತು. ಲಮೂನ್ ಗಂಡನೊಂದಿಗೆ ಅದೇ ಅಂಗಳದ ಇನ್ನೊಂದು ಮನೆಯಲ್ಲಿದ್ದಳು. ಅದ್ದುವ ಚಪ್ಪರ ಇಬ್ಬರದೂ ಒಂದೇ.

ಮೂರನೆಯ ಸಲ ಮಡಕೆ ಓಡಿದ ದಿನ ನಾನು ನೂಲಿನ ಲಡಿ ಹಿಡಿದು ಚಪ್ಪರಕ್ಕೆ ಹೋಗಿದ್ದೆ. ನೀರು ಕಡುನೀಲಿಯಾಗಿ ಸತ್ತಂತೆ ನಿಂತಿತ್ತು. ನೊರೆಯಿಲ್ಲ.

"ಬೆಳಿಗ್ಗೆ ಮುಚ್ಚಳ ತೆಗೆದಿದ್ದು ನೀನೇ" ಎಂದಳು ಬುವಾಖಾಮ್, ತಂಗಿಯ ಮುಖ ನೋಡದೆ.

"ನಾನ್ಯಾಕೆ ತೆಗೀಲಿ? ಎದ್ದಾಗಿಂದ ನೂಲಿಗೆ ಗಂಜಿ ಹಾಕ್ತಾ ಕೂತಿದ್ದೀನಿ. ಕೈ ನೋಡು, ಇನ್ನೂ ಅಂಟಂಟು."

"ನಿನ್ನೆ ನೀನು ಸಾವಿನ ಮನೆಗೆ ಹೋಗಿದ್ದೆ."

"ಊರೆಲ್ಲ ಹೋಗಿತ್ತು. ಬಂದು ಸೀಗೆ ನೀರಲ್ಲಿ ತಲೆ ತೊಳ್ಕೊಂಡೇ ಒಳಗೆ ಕಾಲಿಟ್ಟಿದ್ದು. ನೀನೇ ನೀರು ಹುಯ್ದೆಯಲ್ಲೇ!"

ಬುವಾಖಾಮ್ ತಲೆಯೆತ್ತಿ ತಂಗಿಯನ್ನು ನೋಡಿದಳು. ತಾನು ನೀರು ಹುಯ್ದದ್ದು ಅವಳಿಗೆ ನೆನಪಿಲ್ಲವೆಂದು ಅವಳ ಕಣ್ಣಿನಲ್ಲಿ ಕಂಡಿತು. ನೆನಪಿಲ್ಲ ಎನ್ನುವ ಬದಲು ಅವಳು, "ಹುಯ್ದೆ, ಹುಯ್ದೆ. ಆಮೇಲೆ ನೀನು ಏನು ಮಾಡಿದ್ಯೋ ಯಾರು ಕಂಡ್ರು" ಎಂದಳು.

"ಅಯ್ಯೋ, ಆ ಮಡಕೆಗೆ ಕೊಡೋ ಮರ್ಯಾದೆಯಲ್ಲಿ ಅರ್ಧ ನಂಗೆ ಕೊಟ್ಟಿದ್ರೆ ನಾನೂ ಇಷ್ಟೊತ್ತಿಗೆ ನೊರೆ ಕಟ್ಟಿಕೊಂಡು ಹೊಳೀತಿದ್ದೆ" ಎಂದು ಲಮೂನ್ ನಗಿಸಲು ನೋಡಿದಳು. ಅಕ್ಕ ನಗಲಿಲ್ಲ.

ಮಡಕೆ ಓಡಿದರೆ ಮತ್ತೆ ಕಟ್ಟಲು ಬುವಾಖಾಮ್ ತಾಯಿನೀರನ್ನು, ಎಂದರೆ ಚೆನ್ನಾಗಿದ್ದಾಗಿನ ಮಡಕೆಯ ನೀರನ್ನು, ಹೆಪ್ಪಿನಂತೆ ಜಾಡಿಗಳಲ್ಲಿ ಎತ್ತಿಟ್ಟುಕೊಂಡಿದ್ದಳು. ಈಗ ಉಳಿದದ್ದು ಒಂದು ಚಿಕ್ಕ ಜಾಡಿ. ಅದನ್ನು ಅವಳು ಚಪ್ಪರದಿಂದ ತೆಗೆದು ಮಲಗುವ ಕೋಣೆಯಲ್ಲಿ ಬುದ್ಧನ ಪೀಠದ ಕೆಳಗೆ ಇಟ್ಟು, ಕೋಣೆಗೆ ಬೀಗ ಹಾಕಿದಳು. ಅಕ್ಕ ತಂಗಿಯರ ನಡುವೆ ಬೀಗವನ್ನು ನಾನು ಕಂಡದ್ದು ಅದೇ ಮೊದಲು.

ಸುದ್ದಿ ವಿಹಾರಕ್ಕೂ ಬಂತು. ಎಲ್ಲರೂ ವಿಹಾರಕ್ಕೆ ಬಂದು ವ್ರತ ಹಿಡಿಯುವ ಶೀಲದ ದಿನ ಹೂವಿನ ತಟ್ಟೆ ಜೋಡಿಸುವಾಗ ನಮ್ಮ ಬೀದಿಯ ತೊಂಗ್‌ಯೊಯ್ ನನ್ನ ಪಕ್ಕಕ್ಕೆ ಸರಿದಳು. ಅವಳ ಬಾಯಿಗೆ ಬಿದ್ದದ್ದು ಊರಿಗೆ ಬಿದ್ದಂತೆ.

"ಮೂರು ಸಲ ಓಡಿತಂತೆ?"

"ಹೂಂ."

"ಓಡ್ದೆ ಇನ್ನೇನು ಮಾಡುತ್ತೆ. ಆ ರಕ್ತ ಎಲ್ಲಿ ಹೋಗುತ್ತೆ ಹೇಳು. ಮಾತ್ರೆ ತಿಂದ್ರೆ ಮೈ ತುಂಬುತ್ತೆ, ರಕ್ತ ಬದಲಾಗುತ್ತಾ? ಮಡಕೆಗೆ ಗೊತ್ತಾಗುತ್ತೆ. ಮನುಷ್ಯರಿಗೆ ಗೊತ್ತಾಗಲ್ಲ."

"ಹಂಗಿದ್ರೆ ಇಷ್ಟು ವರ್ಷ ಯಾಕೆ ಓಡಲಿಲ್ಲ?"

ತೊಂಗ್‌ಯೊಯ್ ನನ್ನನ್ನು ಒಂದು ಥರ ನೋಡಿದಳು, ನನ್ನ ಮೇಲೂ ಏನೋ ಅಂಟಿದೆ ಎನ್ನುವಂತೆ. ಆಮೇಲೆ ಪ್ರಾರ್ಥನೆ ಶುರುವಾಯಿತು. ಬುವಾಖಾಮ್ ಮುಂದಿನ ಸಾಲಿನಲ್ಲಿದ್ದಳು. ಚಿಕ್ಕಂದಿನಿಂದ ಬಾಯಿಪಾಠವಿದ್ದ ಶರಣದ ಸಾಲುಗಳಲ್ಲಿ ಒಂದು ಕಡೆ ನಿಂತಳು, ಹಿಂದಿನ ಸಾಲನ್ನೇ ಮತ್ತೆ ಹೇಳಿದಳು, ಮತ್ತೆ ನಿಂತಳು. ಸುತ್ತಲಿನವರ ದನಿ ಅವಳನ್ನು ದಾಟಿ ಮುಂದೆ ಹೋಯಿತು. ಅವಳು ತಿರುಗಿ, ಯಾರೋ ಬೇಕೆಂದೇ ತಪ್ಪು ಹೇಳಿಕೊಟ್ಟರು ಎನ್ನುವಂತೆ ಲಮೂನಳ ಕಡೆ ನೋಡಿದಳು.

ಅದಕ್ಕೂ ಮೊದಲೇ ನಾನು ಕೆಲವು ಸಂಗತಿ ಗಮನಿಸಿದ್ದೆ. ಅವಳ ನಡಿಗೆ ನಿಧಾನವಾಗಿತ್ತು. ಗುಂಡಿ ಹಾಕಿಕೊಳ್ಳಲು ಬೆರಳು ತಡವರಿಸುತ್ತಿದ್ದವು. ಹುಣಸೆಹಣ್ಣನ್ನು ಕೈಯಲ್ಲೇ ಹಿಡಿದು, "ಇದು, ಇದು, ಆ ಹುಳಿ ಇರೋದು" ಎಂದು ಹೆಸರಿಗೆ ಹುಡುಕಾಡುತ್ತಿದ್ದಳು. ವಯಸ್ಸಾಯಿತು ಎನ್ನೋಣವೆಂದರೆ ಐವತ್ತೆರಡು ಏನು ವಯಸ್ಸು? ಮಾತಿನಲ್ಲಿ ಮೊದಲಿಲ್ಲದ ಒಂದು ಗಡಸು ಬಂದಿತ್ತು. ಎಲ್ಲರೂ ತನ್ನಿಂದ ಏನೋ ಮುಚ್ಚಿಡುತ್ತಿದ್ದಾರೆ ಎಂಬ ಗಡಸು.

ಕೊನೆಯ ಜಾಡಿಯಿಂದ ಅವಳು ಮಡಕೆ ಕಟ್ಟಿದಳು. ಅದು ಎದ್ದಿತು, ನೊರೆಯೂ ಬಂತು. ಈ ಸಲ ಅವಳು ವಿಹಾರದಿಂದ ಮಂತ್ರಿಸಿದ ಬಿಳಿ ದಾರ ತಂದು ಮುಚ್ಚಳಕ್ಕೆ ಸುತ್ತಿ ಗಂಟು ಹಾಕಿದಳು. ನನ್ನನ್ನು ಕರೆದಳು.

"ನುವಾನ್, ನಿನ್ನ ಹತ್ತಿ ಇಲ್ಲೇ ತಂದು ಬಿಡಿಸ್ಕೊಂಡು ಕೂತ್ಕೋ. ಯಾರು ದಾರ ಬಿಚ್ತಾರೆ ಅಂತ ನೋಡ್ಬೇಕು ನಂಗೆ. ನೀನು ಸುಳ್ಳು ಹೇಳಲ್ಲ."

ನಾನು ಕೂತೆ. ಬೆಳಿಗ್ಗೆ ಅವಳು ಮನೆಯ ಮೆಟ್ಟಿಲಿಳಿದು ಬಂದು ದಾರ ಬಿಚ್ಚಿ, ನೀರೆತ್ತಿ ಸುರಿದು, ಮುಚ್ಚಿ, ಕಟ್ಟಿ ಮೇಲೆ ಹೋದಳು. ಅದು ಸರಿಯೇ. ನಾನು ಹತ್ತಿ ಬಿಡಿಸುತ್ತಿದ್ದೆ. ಸ್ವಲ್ಪ ಹೊತ್ತಿಗೆ ಮತ್ತೆ ಇಳಿದು ಬಂದಳು. ಬಿಸಿಲು ನೋಡಿದಳು. "ಹೊತ್ತಾಯ್ತು, ಇನ್ನೂ ಸುರಿದಿಲ್ಲ" ಎಂದು ತನಗೆ ತಾನೇ ಹೇಳಿಕೊಂಡು ದಾರ ಬಿಚ್ಚಿದಳು. ಬಹಳ ಹೊತ್ತು ಎತ್ತಿ ಎತ್ತಿ ಸುರಿದಳು, ಮುಚ್ಚಿದಳು, ಕಟ್ಟಿದಳು. ಊಟವಾದ ಮೇಲೆ ಮತ್ತೆ ಬಂದಳು. ಪ್ರತಿ ಸಲವೂ ನನ್ನನ್ನು ನೋಡಿ ಆಗ ತಾನೇ ಕಂಡವಳಂತೆ ನಕ್ಕಳು. ಲಮೂನ್ ಆ ದಿನ ಚಪ್ಪರದ ಹತ್ತಿರವೂ ಸುಳಿಯಲಿಲ್ಲ.

ಸಂಜೆ ಬುವಾಖಾಮ್ ದಾರವನ್ನು ಬೆರಳಲ್ಲಿ ಸವರಿ ನೋಡಿದಳು. "ಬಿಚ್ಚಿ ಕಟ್ಟಿದಾರೆ. ಬೆಳಿಗ್ಗೆ ಇಲ್ಲಿ ಬಂದಿತ್ತು ಗಂಟು, ಈಗ ಇಲ್ಲಿದೆ. ಯಾರು ಬಂದಿದ್ರು?"

"ಯಾರೂ ಬರ್ಲಿಲ್ಲ ಅಕ್ಕ. ಗಂಟು ನಿಂದೇ ಥರ ಇದೆಯಲ್ಲ."

"ನನ್ನ ಗಂಟು ಕಲಿತಿದ್ದಾಳೆ. ಚಿಕ್ಕೋಳಿದ್ದಾಗ ಹೇಳಿಕೊಟ್ಟಿದ್ದು ನಾನೇ."

ನೀನೇ ಬಂದದ್ದು ಎಂದು ಹೇಳಲು ಬಾಯಿ ತೆರೆದೆ. ಅವಳ ಮುಖ ನೋಡಿದೆ. ಆ ಮುಖದಲ್ಲಿದ್ದ ಖಾತ್ರಿ ಕಂಡು ಹೇಳಲಾಗಲಿಲ್ಲ. ಮಡಕೆಯನ್ನು ಒಂದೆರಡು ಸಲ ಹೆಚ್ಚು ನೋಡಿಕೊಂಡರೆ ಕೆಡುಕೇನು ಎಂದೂ ಅಂದುಕೊಂಡೆ. ಅವಳ ಮರೆವಿನ ಬಗ್ಗೆ ಆಸ್ಪತ್ರೆಯಲ್ಲಿ ಕೇಳಿದರಾಯಿತು, ತಿಂಗಳ ಮಾತ್ರೆಗೆ ಹೇಗೂ ಹೋಗುವುದಿತ್ತು.

ಅಷ್ಟರಲ್ಲಿ ಅಂಗಳದಲ್ಲಿ ಮಾತು ಬೆಳೆದಿತ್ತು. ಇನ್ನು ಮೇಲೆ ಚಪ್ಪರಕ್ಕೆ ಬರಬೇಡ ಎಂದು ಬುವಾಖಾಮ್ ತಂಗಿಗೆ ಹೇಳಿದಳು. ಬರೀ ಹೇಳಲಿಲ್ಲ, ಬೀದಿಗೆ ಕೇಳುವಂತೆ ಹೇಳಿದಳು. "ಇಪ್ಪತ್ತು ವರ್ಷದಿಂದ ಒಳಗೊಳಗೇ ಅಸಹ್ಯ ಪಟ್ಕೊಂಡಿದ್ಯಾ. ಅವತ್ತು ಅನ್ನ ತಿಂದಿದ್ದು ಜನಕ್ಕೆ ತೋರಿಸೋಕೆ" ಎಂದಳು.

ಲಮೂನ್ ಬಾಯಿ ಸತ್ತವಳಲ್ಲ. ಆದರೆ ಆ ಮಾತು ಕೇಳಿ ತಿರುಗಿ ಮನೆಗೆ ಹೋದಳು. ಮರುದಿನ ಬೇಲಿಯ ಹತ್ತಿರ ಬಂದು ನನಗೆ ಹೇಳಿದಳು, "ಮುಂದಿನ ಶೀಲದ ದಿನ ಕಳೀಲಿ, ನಾವು ಉತ್ತರದಿತ್ ಪಟ್ಟಣಕ್ಕೆ ಹೋಗ್ತೀವಿ. ಅಲ್ಲಿ ನನ್ನ ಯಜಮಾನ್ರ ಅಣ್ಣನ ಮನೆ ಪಕ್ಕ ಖಾಲಿ ಜಾಗ ಇದೆ. ಇವಳಿಗೆ ಅನ್ನ ಬೇಯಿಸಿ ಹಾಕೋಕೆ, ಮಾತ್ರೆ ನೆನಪಿಸೋಕೆ ನೀನಿದ್ದೀಯಲ್ಲ."

"ನಾನು ತಂಗಿ ಆಗ್ತೀನಾ?"

"ಈಗ ಅವಳಿಗೆ ತಂಗಿ ಬೇಡ. ಕಾವಲುಗಾರ್ತಿ ಬೇಕು. ನಿಂಗೆ ಆ ಕೆಲಸ ಸಿಕ್ಕಿದೆ" ಎಂದು ಮೂಗು ಒರೆಸಿಕೊಂಡು ಹೋದಳು.

ಆಸ್ಪತ್ರೆಗೆ ಬುವಾಖಾಮಳ ಜೊತೆ ನಾನು ಹೋದದ್ದು ಒಂದು ಶುಕ್ರವಾರ. ಮಾತ್ರೆ ಕೊಡುವ ಕಿಟಕಿಯಲ್ಲಿ ನರ್ಸ್ ಅವಳ ನಡುಗುವ ಕೈ ನೋಡಿ, "ಪಾ ಬುವಾ, ಮಧ್ಯೆ ಮಾತ್ರೆ ಬಿಟ್ಟಿದ್ದೀರಾ? ಬೈಯಲ್ಲ, ನಿಜ ಹೇಳಿ" ಎಂದಳು. ದೊಡ್ಡಮ್ಮನ ವಯಸ್ಸಿನವರನ್ನು ಕಿರಿಯರು ನಮ್ಮಲ್ಲಿ ಪಾ ಎಂದೇ ಕರೆಯುವುದು.

"ನೋಡಿದ್ಯಾ ನುವಾನ್? ಎಲ್ಲರ ಕಣ್ಣಿಗೂ ನಾನೇ ಕಳ್ಳಿ" ಎಂದು ಬುವಾಖಾಮ್ ಸೆರಗಿನಂಥ ಭುಜದ ವಸ್ತ್ರವನ್ನು ಎಳೆದುಕೊಂಡಳು.

ಒಳಗಿದ್ದ ಡಾಕ್ಟರ್ ನಿಚಾ ನಮ್ಮ ಕಡೆಯ ಹುಡುಗಿಯೇ. ಶುಕ್ರವಾರ ಸರ್ಕಾರಿ ನೌಕರರು ಊರಿನ ಬಟ್ಟೆ ತೊಡುವ ರೂಢಿಯಂತೆ ಬಿಳಿ ಕೋಟಿನ ಕೆಳಗೆ ನಮ್ಮ ನೀಲಿ ಅಂಗಿ ತೊಟ್ಟಿದ್ದಳು. ಅವಳು ರಕ್ತದ ವರದಿ ನೋಡಿದಳು, ಅವಸರ ಮಾಡದೆ ನಮ್ಮಿಬ್ಬರ ಮಾತನ್ನೂ ಕೇಳಿದಳು. ಬೆರಳುಗಳನ್ನು ಬೇಗಬೇಗ ತಟ್ಟಿಸಿದಳು. ನಡೆಸಿದಳು. "ನಾಲ್ಕು ಪದ ಹೇಳ್ತೀನಿ, ನೆನಪಿಟ್ಕೊಳ್ಳಿ. ಟೋಪಿ, ಹಾವು, ಅವರೆ, ಕೆಂಪು." ಬೇರೆ ಏನೇನೋ ಕೇಳಿ ಮತ್ತೆ ಅಲ್ಲಿಗೆ ಬಂದಳು. "ಆ ನಾಲ್ಕು ಯಾವ್ದು ಪಾ?"

"ಟೋಪಿ" ಎಂದಳು ಬುವಾಖಾಮ್. ಬಹಳ ಹೊತ್ತು ಯೋಚಿಸಿದಳು. "ಹಾವು... ಲಮೂನ್."

ಡಾಕ್ಟರ್ ನಗಲಿಲ್ಲ. "ಪಾ, ನೀವು ಮಾತ್ರೆ ತಪ್ಪಿಸಿಲ್ಲ, ಅದು ನಂಗೆ ಗೊತ್ತು. ರಕ್ತದಲ್ಲಿ ಎಚ್ಐವಿ ವೈರಸ್ ಹುಡುಕಿದ್ರೂ ಸಿಗ್ತಿಲ್ಲ. ಅಷ್ಟು ಚೆನ್ನಾಗಿ ತಗೊಂಡಿದ್ದೀರಾ."

"ಅದನ್ನ ಆ ಕಿಟಕಿಯವಳಿಗೆ ಕೂಗಿ ಹೇಳಿ."

"ಹೇಳ್ತೀನಿ. ಆದ್ರೆ ನಿಮ್ಮ ಮರೆವು, ಕೈ ನಡುಕ ಎಲ್ಲ ಸುಳ್ಳಲ್ಲ. ಮಾತ್ರೆ ಶುರುವಾಗೋಕೆ ಮುಂಚೇನೇ ಆ ವೈರಸ್ ಸ್ವಲ್ಪ ಮೆದುಳಿಗೆ ಹೋಗಿ, ಅಲ್ಲಿನ ಕಾವಲು ಕೋಶಗಳ ಒಳಗೆ ಅಡಗಿ ಕೂತಿರುತ್ತೆ. ಕಾವಲುಗಾರರ ಮನೇಲೇ. ಮಾತ್ರೆ ಅದರ ಸಂತಾನ ಬೆಳೀದ ಹಾಗೆ ತಡೆಯುತ್ತೆ. ಆದ್ರೆ ಅದು ಕೂತಲ್ಲಿಂದಲೇ ತನ್ನ ಪ್ರೋಟೀನ್ ಚೂರುಗಳನ್ನ ಹೊರಗೆ ಬಿಡ್ತಾ ಇರುತ್ತೆ. ಅದನ್ನ ಮಾತ್ರೆ ಪೂರ್ತಿ ನಿಲ್ಲಿಸಲ್ಲ."

"ಪ್ರೋಟೀನ್ ಅಂದ್ರೆ ಮೊಟ್ಟೇಲಿರೋದಲ್ವಾ? ತಿನ್ನಿ ತಿನ್ನಿ ಅಂತ ನೀವೇ ಹೇಳ್ತಿದ್ರಿ."

"ಅದು ಬೇರೆ, ಇದು ಬೇರೆ ಪಾ. ಇದು ಆ ವೈರಸ್ಸಿನ ಮೈಯ ಚೂರು." ಡಾಕ್ಟರ್ ತನ್ನ ಅಂಗಿಯ ತೋಳನ್ನು ಎಳೆದು ತೋರಿಸಿದಳು. "ನೀಲಿ ನೀರಿಗೆ ಗಾಳಿ ಬೇಕಾ, ಬೇಡ್ವಾ? ನಮ್ಮಜ್ಜಿ ಅದ್ದುತಿದ್ರು, ಆದ್ರೆ ನಾನು ಮರೆತಿದ್ದೀನಿ."

ಮಡಕೆಯ ಮಾತು ಬಂದೊಡನೆ ಬುವಾಖಾಮಳ ದನಿ ನೆಟ್ಟಗಾಯಿತು. "ಬೇಕು. ಗಾಳಿ ತಾಗ್ದೆ ಬಟ್ಟೆ ನೀಲಿಯಾಗಲ್ಲ. ಮಡಕೆ ಒಳಗೆ ಮಾತ್ರ ಅಳತೇಲಿರಬೇಕು. ಜಾಸ್ತಿ ಗಾಳಿ ಹೊಕ್ರೆ ನೀರು ಒಳಗೇ ನೀಲಿಯಾಗಿ ಕೂತ್ಬಿಡುತ್ತೆ. ಆಮೇಲೆ ಬಟ್ಟೆಗೆ ಕೊಡೋಕೆ ಅದರ ಹತ್ರ ಏನೂ ಇರಲ್ಲ."

"ನರದ ಕೋಶದಲ್ಲೂ ಹೆಚ್ಚುಕಮ್ಮಿ ಹಂಗೇ. ಅದಕ್ಕೂ ಆಮ್ಲಜನಕ ಬೇಕು, ಅದನ್ನ ಸುಟ್ಟೇ ಅದು ಬದುಕೋದು. ಸುಡುವಾಗ ಕೆರಳಿದ ಕಿಡಿಗಳ ಥರ ಚೂರುಗಳು ಹುಟ್ತಾವೆ. ಅವನ್ನ ಆರಿಸೋ ಶಕ್ತಿ ಕೋಶಕ್ಕೇ ಇದೆ, ನಿಮ್ಮ ಹುಣಸೆಹುಳಿ ಮಡಕೆಯನ್ನ ಸರಿ ಮಾಡೋ ಹಾಗೆ. ಆ ವೈರಸ್ಸಿನ ಪ್ರೋಟೀನ್ ಬಂದು ತಾಗಿದ್ರೆ ಕಿಡಿ ಹುಟ್ಟೋದು ಹೆಚ್ಚಾಗುತ್ತೆ, ಆರಿಸೋ ಶಕ್ತಿ ಕರಗುತ್ತೆ. ಕೋಶದ ಸಣ್ಣಸಣ್ಣ ಕವಲುಗಳು ಬಾಡ್ತಾವೆ. ಒಂದು ಕೋಶ ಇನ್ನೊಂದಕ್ಕೆ ಮಾತು ದಾಟಿಸೋದು ಆ ಕವಲುಗಳಿಂದಾನೇ. ಅದು ನಿಂತ್ರೆ ಮಾಡಿದ ಕೆಲಸ ನೆನಪಲ್ಲಿ ಉಳಿಯಲ್ಲ, ಕೈ ತಡವರಿಸುತ್ತೆ. ಮನಸ್ಸಿಗೆ ಸಂಶಯಾನೂ ಜಾಸ್ತಿಯಾಗಬಹುದು. ನಿಮಗೆ ಆಗಿರೋದು ಇದೇ ಅಂತ ನಾನು ಆಣೆ ಮಾಡಲ್ಲ, ಬೇರೆ ಕಾರಣಗಳನ್ನೂ ನೋಡೋಣ. ಒಂದು ಮಾತ್ರೆ ಬದಲಾಯಿಸಿ ಕೊಡ್ತೀನಿ. ಮಾಡಿದ ಕೆಲಸಕ್ಕೆಲ್ಲ ಕಣ್ಣಿಗೆ ಕಾಣೋ ಒಂದು ಗುರುತು ಇಟ್ಕೊಳ್ಳಿ."

ಬುವಾಖಾಮ್ ತಲೆಯಾಡಿಸಿದಳು. ಹೊರಗೆ ಬಂದ ಮೇಲೆ, "ಸಂಶಯ ಜಾಸ್ತಿಯಾಗುತ್ತೆ ಅಂದ್ಳಲ್ಲ, ಅದನ್ನ ಯಾರು ಹೇಳಿಸಿದ್ರು ಅವಳ ಕೈಲಿ?" ಎಂದಳು.

ನನಗೆ ಮಾತ್ರ ಬುವಾಖಾಮಳೇ ಹೇಳಿದ ಮಾತು ಎದೆಯಲ್ಲಿ ಕೂತಿತ್ತು. ಜಾಸ್ತಿ ಗಾಳಿ ಹೊಕ್ಕರೆ. ಎತ್ತಿ ಸುರಿದಷ್ಟೂ ಗಾಳಿ ಒಳಹೋಗುತ್ತದೆ, ಚಪ್ಪರದಲ್ಲಿ ಕಂಡದ್ದು ಆಗ ಅರ್ಥವಾಯಿತು. ಇನ್ನು ಸುಮ್ಮನಿದ್ದರೆ ಲಮೂನ್ ಹೋಗಿಬಿಡುತ್ತಿದ್ದಳು. ಹಿಂದಿರುಗುವಾಗ ಬೆಂಚು ಹಾಕಿದ ಬಾಡಿಗೆ ವ್ಯಾನಿನಲ್ಲಿ ನಾವಿಬ್ಬರೇ ಇದ್ದೆವು. ನಾನು ಮನಸ್ಸಿನಲ್ಲೇ ತ್ರಿಶರಣ ಹೇಳಿಕೊಂಡು ಮೆಲ್ಲಗೆ ಹೇಳಿದೆ.

"ಅಕ್ಕ, ಅವತ್ತು ದಾರ ಬಿಚ್ಚಿದ್ದು ನೀನೇ. ಬೆಳಿಗ್ಗೆ ಸುರಿದೆ, ಮತ್ತೆ ಬಂದು ಸುರಿದೆ, ಊಟ ಆದ್ಮೇಲೂ ಬಂದೆ. ಪ್ರತಿ ಸಲಾನೂ ಇನ್ನೂ ಸುರಿದಿಲ್ಲ ಅಂತ ಹೇಳ್ಕೊಂಡೇ ಸುರಿದೆ. ನಾನು ಅಲ್ಲೇ ಕೂತಿದ್ದೆ."

ಅವಳು ನನ್ನ ಕಡೆ ತಿರುಗಿದಳು. "ಲಮೂನ್ ಹೇಳಿಕೊಟ್ಟಳಾ ಇದನ್ನ?"

"ನಾನು ಸುಳ್ಳು ಹೇಳಲ್ಲ ಅಂದಿದ್ದು ನೀನೇ."

"ಅವತ್ತು ಹೇಳ್ಳಿಲ್ಲ. ಇವತ್ತು ಹೇಳ್ತಿದ್ದೀಯ. ಮಧ್ಯೆ ಯಾರ ಜೊತೆ ಮಾತಾಡ್ದೆ?"

ಇಳಿಯುವಾಗ ನಾನು ಕೈ ಕೊಟ್ಟರೆ ಹಿಡಿಯದೆ ವ್ಯಾನಿನ ಕಂಬಿ ಹಿಡಿದು ಇಳಿದಳು.

ಆ ದಿನಗಳಲ್ಲಿ ಮಡಕೆಯ ನೀರು ಮತ್ತೆ ಕಡುನೀಲಿಯಾಗತೊಡಗಿತ್ತು. ಶೀಲದ ದಿನ ಬಂತು. ಮರುದಿನ ಬೆಳಿಗ್ಗೆಯ ಬಸ್ಸಿಗೆ ಲಮೂನ್ ಹೊರಡುವುದಿತ್ತು. ನಾನು ಬಿಳಿ ಬಟ್ಟೆ ಉಟ್ಟು ವಿಹಾರಕ್ಕೆ ಹೋದೆ. ಬುವಾಖಾಮ್ ಬರಲಿಲ್ಲ.

ಅವಳು ಏನು ಮಾಡಿದ್ದಳೆಂದು ಆಮೇಲೆ ಹೇಳಿದಳು. ಮಡಕೆಯ ಪಕ್ಕದ ಬಿದಿರ ಕಂಬಕ್ಕೆ ಸುಣ್ಣ ಬಳಿದಿದ್ದಳು. ನೀರೆತ್ತಿ ಸುರಿದು ಮುಗಿಸಿದೊಡನೆ ತನ್ನ ನೀಲಿ ಹೆಬ್ಬೆರಳನ್ನು ಆ ಸುಣ್ಣದ ಮೇಲೆ ಒತ್ತಿದ್ದಳು. ಡಾಕ್ಟರ್ ಹೇಳಿದ್ದಕ್ಕಲ್ಲ. ಲಮೂನಳನ್ನು ಹಿಡಿಯಲು. ದಿನ ಮುಗಿಯುವಾಗ ತನ್ನ ಬೆಳಗಿನ ಗುರುತು ಒಂದೇ ಇದ್ದು, ನೀರು ಮಾತ್ರ ಇನ್ನಷ್ಟು ಕೆಟ್ಟಿದ್ದರೆ, ಹೊರಡುವ ಮುಂಚೆ ಕದ್ದು ಬಂದವಳು ಯಾರೆಂದು ಊರಿಗೆ ತೋರಿಸುವುದು ಅವಳ ಲೆಕ್ಕ. ನಾನು ಅವತ್ತು ವಿಹಾರದಲ್ಲಿರುವುದೂ ಅವಳಿಗೆ ಬೇಕಿತ್ತು. ನಾನು ಲಮೂನಳ ಕಡೆಯವಳೆಂದು ಅವಳಿಗೆ ಖಾತ್ರಿಯಾಗಿತ್ತು.

ನಾನು ಹಿಂದಿರುಗಿದಾಗ ಹೊತ್ತಿನ್ನೂ ಇಳಿದಿರಲಿಲ್ಲ. ಬೇಲಿಯಾಚೆಯಿಂದ ನನ್ನ ಹೆಸರು ಕೇಳಿಸಿತು. ಅವಳು ಕಂಬದ ಮುಂದೆ ಕೂತಿದ್ದಳು. ಬಿಳಿ ಸುಣ್ಣದ ಮೇಲೆ ನೀಲಿ ಗುರುತುಗಳು ಒಂದರ ಕೆಳಗೊಂದು. ಎಣಿಸಲು ನನಗೆ ಮನಸ್ಸಾಗಲಿಲ್ಲ. ಹುಡುಗಿಯಾಗಿದ್ದಾಗ ಬಿದಿರು ಸೀಳುವ ಕತ್ತಿ ತಾಗಿ ಅವಳ ಹೆಬ್ಬೆರಳಿಗೆ ಅಡ್ಡಲಾಗಿ ಒಂದು ಗಾಯದ ಗೆರೆ ಉಳಿದಿತ್ತು. ಪ್ರತಿ ಗುರುತಿನ ನಡುವೆಯೂ ಆ ಗೆರೆ ಬಿಳಿಯಾಗಿ ಬಿದ್ದಿತ್ತು.

ಅವಳು ಹೆಬ್ಬೆರಳನ್ನು ಒಂದರ ಮೇಲಿಟ್ಟಳು. "ಇದು ನಂದೇ." ಕೆಳಗಿನದರ ಮೇಲಿಟ್ಟಳು. "ಇದೂ." ಇನ್ನೊಂದರ ಮೇಲೆ. "ಗಂಟು ಕಲೀಬಹುದು ನುವಾನ್. ಇದನ್ನ ಹೆಂಗೆ ಕಲೀತಾಳೆ?"

ನಾನು ಪಕ್ಕದಲ್ಲಿ ಕೂತೆ.

"ಬೆಳಗಿಂದು ನೆನಪಿದೆ. ಮಿಕ್ಕಿದ್ದು ಯಾವ್ದೂ ಇಲ್ಲ. ಒಂದೂ ಇಲ್ಲ" ಎಂದಳು. ಅವಳ ದನಿಯಲ್ಲಿ ಅಳುವಿರಲಿಲ್ಲ, ಹೆದರಿಕೆ ಇತ್ತು. ಸ್ವಲ್ಪ ಹೊತ್ತಿಗೆ ಲಮೂನಳ ಮನೆಯ ಕಡೆ ಕತ್ತೆತ್ತಿದಳು. "ಗಂಟುಮೂಟೆ ಕಟ್ಟಿಬಿಟ್ಟಳಾ?"

"ಕಟ್ಟಿದಾಳೆ ಅಕ್ಕ."

ಅವಳು ಎದ್ದು ಒಳಗೆ ಹೋದಳು. ಹೊರಗೆ ಬಂದಾಗ ಕೈಯಲ್ಲಿ ತಟ್ಟೆಯಿತ್ತು. ಹೂವು, ಮೇಣದ ಬತ್ತಿ, ಅರಳು, ಒಂದು ಬಟ್ಟಲು ಸೀಗೆ ನೀರು. ಹೊಸ ವರ್ಷದಲ್ಲಿ ಕಿರಿಯರು ಹಿರಿಯರ ಮುಂದೆ ಇಟ್ಟು ಕ್ಷಮೆ ಬೇಡುವ ತಟ್ಟೆ ಅದು. ಅಕ್ಕನಾದವಳು ಅದನ್ನು ತಂಗಿಯ ಮನೆಗೆ ಹೊತ್ತುಕೊಂಡು ಹೋದದ್ದನ್ನು ನಮ್ಮ ಬೀದಿಯಲ್ಲಿ ಯಾರೂ ಕಂಡಿಲ್ಲ. ನಾನು ಹಿಂದೆ ಹೋದೆ, ಅವಳ ಕೈ ನಡುಗಿ ಬಟ್ಟಲು ಚೆಲ್ಲದಿರಲೆಂದು.

ಲಮೂನ್ ಮೆಟ್ಟಿಲ ಮೇಲಿದ್ದಳು. ಅಕ್ಕ ಮಂಡಿಯೂರುವುದನ್ನು ಕಂಡು ಕೂಗಿಕೊಂಡಳು. "ಏಳೇ! ಏಳೇ ಮೇಲೆ! ದೊಡ್ಡೋಳು ಮಂಡಿ ಊರಿದ್ರೆ ನನ್ನ ಆಯಸ್ಸು ಕಮ್ಮಿಯಾಗುತ್ತೆ. ಹೋಗೋ ಮುಂಚೆ ನನ್ನ ಸಾಯಿಸಿಯೇ ಕಳಿಸ್ಬೇಕಾ ನಿಂಗೆ?"

"ಮಡಕೆ ಓಡಿಸಿದ್ದು ನಾನೇ" ಎಂದಳು ಬುವಾಖಾಮ್. "ಕಂಬದ ಮೇಲಿದೆ, ಹೋಗಿ ನೋಡು. ಅನ್ನದ ಮಾತು ಆಡಬಾರ್ದಿತ್ತು."

ಲಮೂನ್ ಇಳಿದು ಬಂದು ಅವಳ ರಟ್ಟೆ ಹಿಡಿದು ಎಬ್ಬಿಸಿದಳು. "ಅನ್ನದ ಮಾತು ಆಡಬಾರ್ದಿತ್ತು" ಎಂದು ತಾನೂ ಹೇಳಿದಳು, ಬೇರೆಲ್ಲೋ ನೋಡುತ್ತ.

"ತಟ್ಟೆ ಸಿದ್ಧ ಮಾಡಿಬಿಟ್ಟಿದ್ದೀನಿ. ಯಾರಿಗಾದ್ರೂ ಕೊಡಲೇಬೇಕು."

"ಮಡಕೆಗೆ ಕೊಡು. ಅದನ್ನ ಓಡಿಸಿದ್ದು ನೀನು."

"ನಿನ್ನನ್ನೂ."

"ನಾನಿನ್ನೂ ಓಡಿಲ್ಲವಲ್ಲೇ. ಬಸ್ಸು ನಾಳೆ ಬೆಳಿಗ್ಗೆ."

ಇಬ್ಬರೂ ಚಪ್ಪರಕ್ಕೆ ಹೋದರು. ಲಮೂನ್ ಕಂಬವನ್ನು ನೋಡಿದಳು. ತಟ್ಟೆಯನ್ನು ಮಡಕೆಯ ಮುಂದಿಟ್ಟು ಅಕ್ಕ ತಂಗಿ ಕೈಮುಗಿದರು, ಒಬ್ಬಳ ಕೈ ನೀಲಿ, ಇನ್ನೊಬ್ಬಳದು ಗಂಜಿಯಿಂದ ಬಿಳಿಚಿದ್ದು. ಕ್ಷಮೆ ಬೇಡುವ ಮಾತಿನ ನಡುವೆ ಬುವಾಖಾಮ್ ನಿಂತಳು. ಲಮೂನ್ ಕಾದಳು, ಬಾರದಿದ್ದಾಗ ಮುಂದಿನ ಪದವನ್ನು ಮೆಲ್ಲಗೆ ಎತ್ತಿಕೊಟ್ಟಳು. ಬುವಾಖಾಮ್ ಅದನ್ನು ಹಿಡಿದು ಮುಂದುವರಿದಳು.

ಆಮೇಲೆ ಲಮೂನ್ ಮುಚ್ಚಳ ಸರಿಸಿ, ಬೆರಳು ಅದ್ದಿ ನಾಲಗೆಗೆ ಇಟ್ಟುಕೊಂಡಳು. ಮೂಸಿದಳು. "ಪೂರ್ತಿ ಹೋಗಿಲ್ಲ. ಹೊಸ್ತಿಲ ಹತ್ರ ನಿಂತಿದ್ದಾಳೆ." ಹುಣಸೆಹುಳಿ ಬಿಟ್ಟು, ಕಲಕದೆ, ಬಿಗಿಯಾಗಿ ಮುಚ್ಚಿದಳು. "ಇನ್ನು ಅವಳಾಗೇ ತಿರುಗಿ ಬರೋತನಕ ಯಾರೂ ಸೌಟು ಮುಟ್ಟಬಾರ್ದು."

ಬುವಾಖಾಮ್ ಸೌಟನ್ನು ಗೂಟದಿಂದ ತೆಗೆದು ತಂಗಿಯ ಕೈಗೆ ಕೊಟ್ಟಳು. ಅವರ ತಾಯಿ ಸಾಯುವಾಗ ಅವಳಿಗೆ ಕೊಟ್ಟ ಸೌಟು. ಲಮೂನ್ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. "ದಿನಾ ನಿನ್ನ ಮುಂದೇನೇ ಸುರಿತೀನಿ. ನೀನು ಹಿಂಗೆ ಕೂತ್ಕೊಂಡು ತಪ್ಪು ಹುಡುಕು. ಅದಂತೂ ನಿಂಗೆ ಮರೆತಿಲ್ಲ."

ಮರುದಿನ ಬಸ್ಸು ಅವರಿಲ್ಲದೆ ಹೋಯಿತು. ಮಡಕೆ ಎದ್ದು ನೊರೆ ಕಟ್ಟಲು ವಾರ ದಾಟಿತು. ಮೊದಲಿನ ನೀಲಿಗಿಂತ ಸ್ವಲ್ಪ ತೆಳುವೇ ಎಂದು ಬುವಾಖಾಮ್ ಹೇಳುತ್ತಾಳೆ.

ಬಾಡಿದ ಕವಲು ಮತ್ತೆ ಚಿಗುರುತ್ತದೆಂದು ಡಾಕ್ಟರ್ ಹೇಳಿಲ್ಲ. ಇನ್ನಷ್ಟು ಬಾಡದಿದ್ದರೆ ಅದೇ ದೊಡ್ಡದು ಎಂದಿದ್ದಾಳೆ. ಬುವಾಖಾಮಳಿಗೆ ಈಗಲೂ ಪದಗಳು ಕೈಕೊಡುತ್ತವೆ. ಸಂಶಯವೂ ಹೋಗಿಲ್ಲ. ಕೆಲವು ದಿನ ಬೇಲಿಯ ಹತ್ತಿರ ಬಂದು ದನಿ ತಗ್ಗಿಸುತ್ತಾಳೆ. ಮೊನ್ನೆಯೂ ಬಂದಿದ್ದಳು.

"ನುವಾನ್, ಇವತ್ತು ಅವಳು ಹುಳಿ ಜಾಸ್ತಿ ಹಾಕಿದಾಳೆ. ಬೇಕಂತಲೇ."

ನಾನು ನೂಲುವುದನ್ನು ನಿಲ್ಲಿಸಿ ಕಾದೆ. ಅವಸರಪಡಿಸಿದರೆ ಅವಳು ಮುದುಡಿಕೊಳ್ಳುತ್ತಾಳೆ.

"ಇಲ್ಲಾ, ಇದು ನನ್ನ ತಲೆ ಹೇಳ್ತಿರೋದಾ?"

"ನಂಗೆ ಗೊತ್ತಿಲ್ಲ ಅಕ್ಕ. ಅವಳನ್ನೇ ಕೇಳು."

ಬುವಾಖಾಮ್ ಚಪ್ಪರದ ಕಡೆ ತಿರುಗಿದಳು. "ಲಮೂನ್! ಹುಳಿ ಎಷ್ಟು ಹಾಕ್ದೆ?"

"ನಿನ್ನ ನಾಲಗೇಲಿ ಇರೋದಕ್ಕಿಂತ ಕಮ್ಮಿನೇ!" ಎಂದು ಒಳಗಿನಿಂದ ಉತ್ತರ ಬಂತು.

ಬುವಾಖಾಮ್ ನನ್ನನ್ನು ನೋಡಿ, ನಂಬಬಹುದು ಎನ್ನುವಂತೆ ತಲೆಯಾಡಿಸಿದಳು. ಆಮೇಲೆ, ಯಾವುದಕ್ಕೂ ಇರಲಿ ಎಂದು, ನೋಡಿ ಬರಲು ಚಪ್ಪರಕ್ಕೆ ಹೋದಳು.